ಹಿತ್ತಲ ಗಿಡವೇ ಮದ್ದು: ವಸಂತದ ಹೊಸ್ತಿಲಲ್ಲಿ ಕೈತೋಟದ ಆರೈಕೆ

ಮುಡುಕುತೊರೆಯ ಜಾತ್ರೆ ಮುಗಿದು, ಶಿವರಾತ್ರಿಯ ಜಾಗರಣೆ ಕಳೆಯಿತೆಂದರೆ ಚಳಿಯು ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಪಂಚಾಂಗದ ಲೆಕ್ಕಕ್ಕೆ ವಸಂತ ಋತು ಆರಂಭವಾಗುವುದು ಯುಗಾದಿಯಂದು. ಆದರೆ ಗಿಡಮರಗಳು ಪಂಚಾಂಗವನ್ನು ಕಾಯುವುದಿಲ್ಲ. ಫಾಲ್ಗುಣ ಕಾಲಿಡುವ ಹೊತ್ತಿಗೆ ಹೊಂಗೆಯ ಎಲೆ ಉದುರುತ್ತಿರುತ್ತದೆ, ಮಾವು ಹೂ ತಳೆದಿರುತ್ತದೆ, ನುಗ್ಗೆಯ ಕೊಂಬೆಗಳಲ್ಲಿ ಬಿಳಿಯ ಗೊಂಚಲುಗಳು ತೂಗುತ್ತವೆ, ಕರಿಬೇವಿನ ಕಡ್ಡಿಗಳಲ್ಲಿ ಕೆಂಚು ಚಿಗುರು ಕಣ್ಣು ಬಿಡುತ್ತದೆ. ಶಿವರಾತ್ರಿಯಿಂದ ಯುಗಾದಿಯವರೆಗಿನ ಈ ಒಂದು ತಿಂಗಳಲ್ಲಿ ಹಿತ್ತಲಿಗೆ ನಾವು ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂಬುದರ ಮೇಲೆ ಇಡೀ ಬೇಸಿಗೆಯ ನಮ್ಮ ತಟ್ಟೆಯ ಸೊಪ್ಪು ತರಕಾರಿ ನಿಂತಿದೆ.

ಮಳವಳ್ಳಿ ತಾಲ್ಲೂಕಿನ ನಮ್ಮ ಪೂರಿಗಾಲಿಯ ಸೀಮೆಯನ್ನು ಬಲ್ಲವರಿಗೆ ಇಲ್ಲಿಯ ಬೇಸಿಗೆಯ ಕಷ್ಟವೂ ತಿಳಿದಿದೆ. ಕಾವೇರಿ ಹತ್ತಿರದಲ್ಲಿಯೇ ಹರಿಯುತ್ತಾಳೆ. ಗಗನಚುಕ್ಕಿಯಲ್ಲಿ ಆಕೆ ಧುಮುಕುವುದನ್ನು ಲೋಕವೇ ಬಂದು ನೋಡುತ್ತದೆ. ಆದರೆ ಎತ್ತರದ ಕೆಂಪು ಮಣ್ಣಿನ ಹೊಲಗಳಿಗೆ ಆ ನೀರು ತಾನಾಗಿ ಏರಿ ಬರುವುದಿಲ್ಲ. ಆದ್ದರಿಂದಲೇ ನದಿಯ ನೀರನ್ನು ಮೇಲೆತ್ತಿ ಹನಿ ನೀರಾವರಿಯ ಮೂಲಕ ಹೊಲಗಳಿಗೆ ಹಂಚುವ ಯೋಜನೆಯೊಂದು ಪೂರಿಗಾಲಿಯ ಹೆಸರಿನಲ್ಲಿಯೇ ರೂಪುಗೊಂಡಿತು. ನೀರು ಕಡಿಮೆಯಿರುವ ನೆಲದಲ್ಲಿ ಹನಿಹನಿಯಾಗಿ ಬೆಳೆಯಬೇಕು ಎಂಬುದು ಹೊಲಕ್ಕೆ ಹೇಗೋ ಹಿತ್ತಲಿಗೂ ಹಾಗೆಯೇ ಅನ್ವಯಿಸುವ ಪಾಠ.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಒಂದೇ ಮಾತು. ಹಿತ್ತಲು ಹೊಲದ ಒಂದು ತುಂಡಲ್ಲ, ಅದು ಅಡುಗೆಮನೆಯ ಮುಂದುವರಿದ ಭಾಗ. ಅಡುಗೆಮನೆಯೊಳಗೆ ಏನನ್ನು ತರಲು ನಾವು ಅಂಜುತ್ತೇವೆಯೋ ಅದನ್ನು ಹಿತ್ತಲಿಗೂ ತರಬಾರದು.

‘ಔಷಧಿ’ ಎಂಬ ಮಾತಿನ ಮರೆಯಲ್ಲಿ

ಈ ಮಾತನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಕೆಲವು ವರ್ಷಗಳ ಹಿಂದೆ ಇದೇ ಫಾಲ್ಗುಣ ಮಾಸದಲ್ಲಿ ನಮ್ಮ ಹಿತ್ತಲಿನ ಬದನೆಗೂ ದಂಟಿನ ಸೊಪ್ಪಿಗೂ ಹೇನು ಹತ್ತಿತ್ತು. ಅಂದು ಬೆಳಿಗ್ಗೆ ಹೊಲದ ಬೆಳೆಗೆ ಹೊಡೆದು ಉಳಿದ ಔಷಧಿ ಪಂಪಿನ ತಳದಲ್ಲಿತ್ತು. ದುಡ್ಡು ಕೊಟ್ಟು ತಂದದ್ದು ವ್ಯರ್ಥವಾಗಬಾರದೆಂದು ಅದನ್ನೇ ಹಿತ್ತಲಿಗೂ ಹೊಡೆದೆವು. ಮನೆಯವರಿಗೆ ಹೇಳಲು ಮರೆತೆವು. ಮರುದಿನ ಮನೆಯ ಹಿರಿಯ ತಾಯಿಯವರು ಎಂದಿನಂತೆ ದಂಟು ಕಿತ್ತು ತಂದು ಮಸೊಪ್ಪು ಮಾಡಿದರು. ಸಂಜೆಯ ಹೊತ್ತಿಗೆ ಅವರಿಗೂ ಮನೆಯ ಎಳೆಯ ಮಗುವಿಗೂ ವಾಂತಿ ಆರಂಭವಾಯಿತು. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಯಾವ ವಿಷ?’ ಎಂಬುದು. ‘ವಿಷ ಕುಡಿದಿಲ್ಲ ಸ್ವಾಮಿ, ಸೊಪ್ಪಿಗೆ ಔಷಧಿ ಹೊಡೆದಿದ್ದೆವು’ ಎಂದೆವು. ಯಾವ ಔಷಧಿ ಎಂದು ಹೇಳಲು ನಮಗೆ ತಿಳಿಯಲಿಲ್ಲ. ಡಬ್ಬವನ್ನು ಹೊಲದ ಬದುವಿನಲ್ಲಿ ಎಸೆದು ಬಂದಿದ್ದೆವು. ಕತ್ತಲಲ್ಲಿ ಬ್ಯಾಟರಿ ಹಿಡಿದು ಹುಡುಕಿ ತರಬೇಕಾಯಿತು. ಶಿವನ ದಯೆಯಿಂದಲೂ ವೈದ್ಯರ ಎಚ್ಚರದಿಂದಲೂ ಇಬ್ಬರೂ ಚೇತರಿಸಿಕೊಂಡು ಮನೆಗೆ ಬಂದರು.

ಅಂದು ನಮ್ಮನ್ನು ದಾರಿ ತಪ್ಪಿಸಿದ್ದು ಎರಡು. ಯಾವುದನ್ನೂ ವ್ಯರ್ಥ ಮಾಡಬಾರದೆಂಬ ಒಳ್ಳೆಯ ಬುದ್ಧಿಯನ್ನು ಸಲ್ಲದ ಕಡೆ ಬಳಸಿದ್ದು ಒಂದು. ವಿಷವನ್ನು ‘ಔಷಧಿ’ ಎಂದು ಕರೆದು ಕರೆದು ಅದರ ಭಯವನ್ನೇ ಕಳೆದುಕೊಂಡಿದ್ದುದು ಇನ್ನೊಂದು. ಮೊನೊಕ್ರೊಟೊಫಾಸ್‌ನಂತಹ ಕೀಟನಾಶಕವನ್ನು ತರಕಾರಿಗೆ ಬಳಸಬಾರದೆಂದು ಕೇಂದ್ರ ಸರ್ಕಾರವು 2005ರಲ್ಲಿಯೇ ನಿಷೇಧಿಸಿತು. ನಿಷೇಧವಿಲ್ಲದ ಕೀಟನಾಶಕಗಳಿಗೂ ಹೊಡೆದ ಮೇಲೆ ಕೊಯ್ಲಿಗೆ ಇಷ್ಟು ದಿನ ಕಾಯಬೇಕೆಂಬ ನಿಯಮವುಂಟು. ಇಂದು ಹೊಡೆದು ನಾಳೆ ಕೀಳುವ ಸೊಪ್ಪಿಗೆ ಆ ನಿಯಮವನ್ನು ಪಾಲಿಸುವ ಮಾತೆಲ್ಲಿ ಬಂತು?

ಯಾರ ಮನೆಯಲ್ಲಿಯಾದರೂ ಇಂತಹ ಸಂದರ್ಭ ಒದಗಿದರೆ ನೆನಪಿಡಬೇಕಾದ ಅಂಶಗಳು ಕೆಲವಿವೆ. ಬಲವಂತದಿಂದ ವಾಂತಿ ಮಾಡಿಸಬಾರದು. ಮೈಮೇಲೆ ಬಿದ್ದಿದ್ದರೆ ಬಟ್ಟೆ ತೆಗೆದು ಸೋಪಿನಿಂದ ತೊಳೆಯಬೇಕು. ತಡಮಾಡದೆ 108ಕ್ಕೆ ಕರೆ ಮಾಡಬೇಕು. ಡಬ್ಬವನ್ನು, ಇಲ್ಲವೇ ಅದರ ಮೇಲಿನ ಚೀಟಿಯನ್ನು, ಜೊತೆಯಲ್ಲಿ ಒಯ್ಯಬೇಕು. ವೈದ್ಯರಿಗೆ ಆ ಚೀಟಿಯಷ್ಟು ನೆರವಾಗುವುದು ಬೇರೊಂದಿಲ್ಲ.

ಇನ್ನು ಹಿತ್ತಲನ್ನು ವಿಷವಿಲ್ಲದೆ ಬೇಸಿಗೆಗೆ ಸಿದ್ಧಗೊಳಿಸುವ ಬಗೆಯನ್ನು ನೋಡೋಣ. ಬಲವಾಗಿ ಬೆಳೆದ ಗಿಡಕ್ಕೆ ಹುಳ ಹತ್ತುವುದು ಕಡಿಮೆ. ಗಿಡ ಬಲವಾಗಬೇಕಾದರೆ ನೀರು ಮತ್ತು ಮಣ್ಣು ಮೊದಲು ಸರಿಯಾಗಬೇಕು.

ನೀರಿನ ಲೆಕ್ಕ

‘ಕುಡಿಯುವುದಕ್ಕೇ ನೀರಿಲ್ಲ, ಹಿತ್ತಲಿಗೆಲ್ಲಿಂದ ತರುವುದು?’ ಎಂದು ತಾಯಂದಿರು ಕೇಳುವುದುಂಟು. ಲೆಕ್ಕ ಹಾಕಿ ನೋಡಿದರೆ ಉತ್ತರ ನಮ್ಮ ಬಚ್ಚಲಿನಲ್ಲಿಯೇ ಇದೆ.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಮಡಿಯ ವಿಸ್ತಾರ ಸುಮಾರು 9.3 ಚದರ ಮೀಟರ್. ಈ ಕಾಲದ ಬಿಸಿಲಿಗೆ ಮಣ್ಣು ಮತ್ತು ಗಿಡಗಳಿಂದ ಆರುವ ನೀರನ್ನು ದಿನಕ್ಕೆ 5 ಮಿಲಿಮೀಟರ್ ಎಂದು ಹಿಡಿಯಬಹುದು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಅಂದರೆ ಆ ಇಡೀ ಮಡಿಗೆ ದಿನಕ್ಕೆ ಬೇಕಾಗುವುದು ಸುಮಾರು 46 ಲೀಟರ್, ಮೂರು ಬಿಂದಿಗೆಯಷ್ಟು ನೀರು. ಜಲ ಜೀವನ್ ಯೋಜನೆಯಲ್ಲಿ ಗ್ರಾಮೀಣ ಮನೆಗಳಿಗೆ ತಲೆಗೆ ದಿನಕ್ಕೆ 55 ಲೀಟರ್ ನೀರೆಂದು ಲೆಕ್ಕವಿಟ್ಟಿದ್ದಾರೆ. ಐದು ಜನರ ಮನೆಯಲ್ಲಿ ಒಬ್ಬೊಬ್ಬರು ಒಂದು ಬಕೆಟ್ ನೀರಿನಲ್ಲಿ ಸ್ನಾನ ಮಾಡಿದರೂ ಬಚ್ಚಲಿನಿಂದ 75 ಲೀಟರಿಗೆ ಕಡಿಮೆಯಿಲ್ಲದ ನೀರು ಹೊರಗೆ ಹರಿಯುತ್ತದೆ. ಅದು ಚರಂಡಿ ಸೇರಿದರೆ ಸೊಳ್ಳೆ, ಹಿತ್ತಲು ಸೇರಿದರೆ ಸೊಪ್ಪು.

ಬಚ್ಚಲು ನೀರನ್ನು ಬಳಸುವಲ್ಲಿ ವಿವೇಕ ಬೇಕು. ಬಟ್ಟೆ ಒಗೆದ ನೀರಿನಲ್ಲಿ ಸೋಡಾ ಅಂಶ ಹೆಚ್ಚು. ಬಿಡದೆ ಹಾಕಿದರೆ ಮಣ್ಣು ಬಿಗಿದುಕೊಂಡು ಬೇರಿಗೆ ಗಾಳಿಯಾಡುವುದಿಲ್ಲ. ಆ ನೀರನ್ನೂ, ಬ್ಲೀಚಿಂಗ್ ಪುಡಿ ಅಥವಾ ಫಿನಾಯಿಲ್ ಬೆರೆತ ನೀರನ್ನೂ ಸೊಪ್ಪಿನ ಮಡಿಗೆ ಬಿಡಬಾರದು. ಸ್ನಾನದ ನೀರನ್ನು ಜಲ್ಲಿ, ಮರಳು ತುಂಬಿದ ಒಂದು ಸಣ್ಣ ಗುಂಡಿಯ ಮೂಲಕ ಹಾಯಿಸಿ, ಬಾಳೆ, ಪರಂಗಿ, ನುಗ್ಗೆ, ತೆಂಗು, ಬಳ್ಳಿ ತರಕಾರಿಗಳ ಬುಡಕ್ಕೆ ಕೊಡಬೇಕು. ಕೊತ್ತಂಬರಿಯಂತೆ ಹಸಿಯಾಗಿ ತಿನ್ನುವ ಸೊಪ್ಪಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೇ ಲೇಸು. ಯಾವ ನೀರಾದರೂ ಬುಡಕ್ಕೆ ಹೋಗಬೇಕು, ಎಲೆಯ ಮೇಲೆ ಸುರಿಯಬಾರದು.

ಬಳ್ಳಿ ತರಕಾರಿಗೆ ಮಡಕೆಯ ಉಪಾಯ ಬಹು ಸೊಗಸಾದುದು. ಐದಾರು ಲೀಟರ್ ಹಿಡಿಯುವ ಸುಟ್ಟ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿ, ಸುತ್ತಲೂ ಸೌತೆ, ಹೀರೆ, ಕುಂಬಳದ ನಾಲ್ಕಾರು ಬೀಜ ಊರಬೇಕು. ಮಡಕೆಗೆ ನೀರು ತುಂಬಿ ಬಾಯಿಗೆ ತಟ್ಟೆ ಮುಚ್ಚಬೇಕು. ನೀರು ಮಡಕೆಯ ಮೈಯಿಂದ ಮೆಲ್ಲನೆ ಜಿನುಗಿ ಬೇರಿಗಷ್ಟೇ ತಲುಪುತ್ತದೆ. ಎರಡು ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ಹನಿ ನೀರಾವರಿಯ ಕೊಳವೆಗಳು ಬರುವ ಮೊದಲೇ ಕುಂಬಾರನ ಮಡಕೆಯಿಂದ ಹನಿ ಬೇಸಾಯ ಸಾಧ್ಯವಿತ್ತು.

ಗಿಡಕ್ಕೆ ನೀರು ಬೇಕೇ ಬೇಡವೇ ಎಂಬುದನ್ನು ಎಲೆಯನ್ನು ನೋಡಿ ನಿರ್ಧರಿಸಬಾರದು. ಮಧ್ಯಾಹ್ನದ ಬಿಸಿಲಿಗೆ ಬಾಡಿದಂತೆ ಕಂಡ ಬದನೆ ಸಂಜೆಗೆ ತಾನೇ ತಲೆಯೆತ್ತುತ್ತದೆ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಬೇಕು; ಅಲ್ಲಿ ತೇವವಿದ್ದರೆ ಅಂದು ನೀರು ಬೇಡ. ಬೇಸಿಗೆಯಲ್ಲಿ ನೀರಿಲ್ಲದೆ ಸಾಯುವ ಗಿಡಗಳಂತೆಯೇ ಕರುಣೆಯಿಂದ ಸುರಿದ ನೀರಿಗೆ ಬೇರು ಕೊಳೆತು ಸಾಯುವ ಕುಂಡದ ಗಿಡಗಳೂ ಉಂಟು.

ಮಣ್ಣಿಗೆ ಹೊದಿಕೆ, ಬೇರಿಗೆ ಊಟ

ಬರಿಮೈಯ ಮಣ್ಣು ಬಿಸಿಲಿಗೆ ಬೇಗ ಒಣಗುತ್ತದೆ. ಹೊದಿಕೆಯ ಸಾಮಗ್ರಿಗೆ ನಮ್ಮ ಸೀಮೆಯಲ್ಲಿ ಬಡತನವಿಲ್ಲ. ಕಬ್ಬು ಕಡಿದ ಗದ್ದೆಯ ಒಣ ಸೋಗೆ ಇದೆ, ಉದುರಿದ ಹೊಂಗೆಯ ತರಗೆಲೆ ಇದೆ, ತೆಂಗಿನ ನಾರಿದೆ. ರಾಗಿ ಹುಲ್ಲು ದನಕ್ಕಿರಲಿ. ಸೋಗೆಗೆ ಬೆಂಕಿ ಹಚ್ಚುವ ಬದಲು ಒಂದೆರಡು ಹೊರೆಯನ್ನು ಮನೆಗೆ ತಂದು, ತುಂಡರಿಸಿ, ಮಡಿಯ ಮೇಲೆ ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿದರೆ ಮಣ್ಣಿನ ತೇವ ಉಳಿಯುತ್ತದೆ, ಕಳೆ ಏಳುವುದಿಲ್ಲ, ಮಳೆಗಾಲದ ಹೊತ್ತಿಗೆ ಅದೇ ಕೊಳೆತು ಗೊಬ್ಬರವಾಗುತ್ತದೆ. ಕಾಂಡದಿಂದ ನಾಲ್ಕು ಬೆರಳು ದೂರ ಬಿಟ್ಟು ಹರಡಬೇಕು. ಕಾಂಡಕ್ಕೆ ತಾಗಿದರೆ ಬುಡ ಕೊಳೆಯುವ ಭಯವುಂಟು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಬೇಸಿಗೆಯಲ್ಲಿ ಹಾವು, ಚೇಳುಗಳು ತಂಪನ್ನು ಅರಸಿ ಬರುತ್ತವೆ. ಹೊದಿಕೆಯನ್ನು ಮನೆಯ ಗೋಡೆಗೆ ತಾಗುವಂತೆ ರಾಶಿ ಹಾಕಬಾರದು. ಬರಿಗೈಯಿಂದ ಕೆದಕದೆ ಮೊದಲು ಕೋಲಿನಿಂದ ಸರಿಸಬೇಕು. ಕಾಲಿಗೆ ಮೆಟ್ಟು ಇರಬೇಕು. ನಿಂಬೆಯ ಮುಳ್ಳೋ ಗುದ್ದಲಿಯೋ ತಾಗಿ ಗಾಯವಾದಾಗ ಮಣ್ಣು ಮೆತ್ತದೆ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು.

ಗೊಬ್ಬರವೆಂದರೆ ಪೂರ್ಣ ಕಳಿತ ಕೊಟ್ಟಿಗೆ ಗೊಬ್ಬರ. ಹಸಿ ಸಗಣಿಯನ್ನು ಸೊಪ್ಪಿನ ಮಡಿಗೆ ಹಾಕಿದರೆ ಅದರ ಕಾವಿಗೆ ಎಳೆ ಬೇರು ಸುಡುವುದಲ್ಲದೆ, ರೋಗಾಣುಗಳೂ ಹುಳುವಿನ ಮೊಟ್ಟೆಗಳೂ ಸೊಪ್ಪಿನೊಡನೆ ಅಡುಗೆಮನೆಗೆ ಬರುತ್ತವೆ. ಕೈಯಲ್ಲಿ ಹಿಡಿದರೆ ಪುಡಿಯಾಗಿ, ಮಣ್ಣಿನ ವಾಸನೆ ಬರುವಂತಿದ್ದರೆ ಗೊಬ್ಬರ ಪಕ್ವವಾಗಿದೆ ಎಂದರ್ಥ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳುವಿನ ಹಿಕ್ಕೆಯೂ ತಿಂದುಳಿದ ಸೊಪ್ಪಿನ ಕಡ್ಡಿಯೂ ಸಿಗುತ್ತವೆ. ಅವನ್ನೂ ಗುಂಡಿಯಲ್ಲಿ ಕಳಿಸಿಯೇ ಬಳಸಬೇಕು. ಕುಂಡದ ಗಿಡಗಳ ಮೇಲ್ಮಣ್ಣನ್ನು ಎರಡು ಅಂಗುಲ ತೆಗೆದು, ಅಷ್ಟೇ ಪ್ರಮಾಣದ ಹೊಸ ಗೊಬ್ಬರಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಲು ಇದೇ ಸಕಾಲ.

ಬಿತ್ತುವುದು ಮತ್ತು ಕತ್ತರಿಸುವುದು

ಈ ತಿಂಗಳಲ್ಲಿ ಬಿತ್ತಬಹುದಾದವುಗಳಲ್ಲಿ ದಂಟು, ಕೀರೆ ಮತ್ತು ಹರಿವೆ ಮೊದಲಿನವು. 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಒಂದೇ ದಿನ ಇಡೀ ಮಡಿಗೆ ಬಿತ್ತದೆ, ವಾರಕ್ಕೊಂದು ಪಟ್ಟಿಯಂತೆ ಬಿತ್ತಿದರೆ ಪ್ರತಿ ವಾರವೂ ಎಳೆಯ ಸೊಪ್ಪು ಸಿಗುತ್ತದೆ. ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆಗಳು ತಂಪನ್ನು ಬಯಸುವುವು. ಬಿಸಿಲು ಏರಿದಂತೆ ಎಲೆ ಬಿಡುವುದಕ್ಕೆ ಮೊದಲೇ ಹೂ ಬಿಡುತ್ತವೆ. ಅವನ್ನು ಬಾಳೆ ಅಥವಾ ನುಗ್ಗೆಯ ನೆರಳಿಗೆ ಬಿತ್ತಿ, ಶಿವರಾತ್ರಿಯ ವಾರದಲ್ಲಿಯೇ ಮುಗಿಸಬೇಕು. ಬಸಳೆ, ಹೊನಗೊನ್ನೆ, ದೊಡ್ಡಪತ್ರೆಗಳನ್ನು ಕಡ್ಡಿ ಊರಿ ಬೆಳೆಸಬಹುದು; ಬಚ್ಚಲಿನ ಬದಿಯ ತೇವ ಸಾಕು.

ಬೆಂಡೆಯನ್ನು ಈಗ ಬಿತ್ತಿದರೆ ಸುಮಾರು ಒಂದೂವರೆ ತಿಂಗಳಿಗೆ ಕಾಯಿ ಸಿಗುತ್ತದೆ. ಬೇಸಿಗೆಯಲ್ಲಿ ಬಿಳಿನೊಣ ಹೆಚ್ಚುವುದರಿಂದ ಎಲೆಯ ನರಗಳು ಹಳದಿಯಾಗುವ ನಂಜುರೋಗ ಬೆಂಡೆಯನ್ನು ಕಾಡುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ‘ಅರ್ಕಾ ಅನಾಮಿಕಾ’ ಬೆಂಡೆ ಈ ರೋಗವನ್ನು ತಡೆಯಲೆಂದೇ ರೂಪಿಸಿದ ತಳಿ. ಅದೇ ಸಂಸ್ಥೆಯ ‘ಅರ್ಕಾ ಸುಗುಣ’ ಎಂಬ ದಂಟನ್ನು ಬುಡ ಬಿಟ್ಟು ಕತ್ತರಿಸಿದರೆ ಮತ್ತೆ ಮತ್ತೆ ಚಿಗುರುತ್ತದೆ. ಬೀಜದ ಆಯ್ಕೆಯಲ್ಲಿ ಸಂದೇಹವಿದ್ದವರು ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಕತ್ತರಿಸುವುದಕ್ಕೂ ಕ್ರಮವಿದೆ. ಕರಿಬೇವಿನ ತುದಿಗಳನ್ನು ಈಗ ಕತ್ತರಿಸಿದರೆ ಪಕ್ಕದಿಂದ ಹಲವು ಕವಲು ಒಡೆಯುತ್ತವೆ. ಹೂಗೊಂಚಲನ್ನು ಚಿವುಟಿದರೆ ಶಕ್ತಿ ಎಲೆಗೆ ಹೋಗುತ್ತದೆ. ದಾಸವಾಳವನ್ನು ಮೂರನೆಯ ಒಂದು ಭಾಗದಷ್ಟು ಕತ್ತರಿಸಬಹುದು. ನುಗ್ಗೆಗೆ ಮಾತ್ರ ಈಗ ಕತ್ತಿ ತಾಗಿಸಬಾರದು; ಹೂವಿರುವ ಕೊಂಬೆ ಕಡಿದರೆ ಕಾಯಿಯೇ ಹೋಯಿತು. ಕಾಯಿ ಮುಗಿದ ಮೇಲೆ ಅದನ್ನು ಸವರಬೇಕು.

ಪೂಜೆಗೆಂದು ಬಿಲ್ವವನ್ನು ಬೆಳೆಸಿದವರು ಈ ಕಾಲದಲ್ಲಿ ಗಾಬರಿಯಾಗುವುದುಂಟು. ಶಿವರಾತ್ರಿ ಕಳೆದ ಮೇಲೆ ಎಲೆಗಳು ಹಳದಿಯಾಗಿ ಉದುರಿ ಮರ ಬೋಳಾಗುತ್ತದೆ. ಅದು ರೋಗವಲ್ಲ, ಮರದ ಸ್ವಭಾವ. ಗೊಬ್ಬರ ಸುರಿಯದೆ, ಔಷಧಿ ಹೊಡೆಯದೆ, ಹದವಾಗಿ ನೀರು ಕೊಟ್ಟು ಕಾದರೆ ಬೇಸಿಗೆಯಲ್ಲಿಯೇ ಎಳೆಯ ತ್ರಿದಳ ಮೂಡುತ್ತದೆ.

ಹುಳ ಹತ್ತಿದಾಗ

ಮೊದಲ ಮದ್ದು ನಮ್ಮ ಕಣ್ಣು ಮತ್ತು ಕೈ. ಬೆಳಿಗ್ಗೆ ನೀರು ಹಾಕುವಾಗ ನಾಲ್ಕು ಎಲೆಗಳನ್ನು ತಿರುವಿ ನೋಡಿದರೆ ಮೊಟ್ಟೆ, ಮರಿಹುಳ, ಹೇನು ಕಾಣುತ್ತವೆ. ಆಗಲೇ ಆ ಎಲೆಯನ್ನು ಕಿತ್ತು ಸೋಪಿನ ನೀರಿಗೆ ಹಾಕಿದರೆ ಕೆಲಸ ಮುಗಿಯಿತು. ದಾಸವಾಳದ ಬಿಳಿ ಹಿಟ್ಟು ತಿಗಣೆಗೆ ನೀರನ್ನು ರಭಸದಿಂದ ಹಾಯಿಸಿ ತೊಳೆದು, ಸೋಪಿನ ನೀರು ಬಳಿದರೆ ಬಹುಪಾಲು ಹೋಗುತ್ತದೆ. ಹಳದಿ ಬಣ್ಣದ ಹಳೆಯ ಡಬ್ಬದ ಮುಚ್ಚಳಕ್ಕೆ ಹರಳೆಣ್ಣೆ ಸವರಿ ಗಿಡಗಳ ನಡುವೆ ತೂಗುಹಾಕಿದರೆ ಬಿಳಿನೊಣ ಬಂದು ಅಂಟುತ್ತದೆ.

ಮೆಣಸಿನ ಎಲೆ ಮುದುಡುವುದು ಈ ಕಾಲದ ದೊಡ್ಡ ಬಾಧೆ. ಎಲೆ ಮೇಲಕ್ಕೆ ದೋಣಿಯಂತೆ ಮಡಿಸಿದ್ದರೆ ಅದು ಥ್ರಿಪ್ಸ್ ಎಂಬ ಸಣ್ಣ ಕೀಟದ ಕೆಲಸ. ಕೆಳಕ್ಕೆ ಮಡಿಸಿದ್ದರೆ ಮೈಟ್ ನುಸಿಯದು. ಎರಡಕ್ಕೂ ಆರಂಭದಲ್ಲಿಯೇ ಬೇವನ್ನು ಬಳಸಬಹುದು. ಕಳೆದ ವರ್ಷದ ಬೇವಿನ ಬೀಜ ಒಣಗಿಸಿ ಇಟ್ಟಿದ್ದರೆ, ತಿರುಳು 50 ಗ್ರಾಂ ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚಿಟಿಕೆ ಸೋಪು ಕಲಸಿ ಸಂಜೆ ಸಿಂಪಡಿಸಬೇಕು. ಬೀಜವಿಲ್ಲದಿದ್ದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ಸೋಪಿನೊಡನೆ ಬೆರೆಸಬಹುದು. ವಾರಕ್ಕೊಮ್ಮೆಯಂತೆ ಮೂರು ಬಾರಿ ಸಾಕು. ಇದನ್ನು ಹೊಡೆದ ಮೇಲೂ ಮೂರು ದಿನ ಬಿಟ್ಟು, ತೊಳೆದು ಬಳಸಬೇಕು. ಬೇವೆಂದ ಮಾತ್ರಕ್ಕೆ ಆ ಎಣ್ಣೆಯನ್ನು ಮಕ್ಕಳಿಗೆ ಕುಡಿಸುವುದು ಅಪಾಯ. ಅದರಿಂದ ಎಳೆಯ ಮಕ್ಕಳಿಗೆ ಫಿಟ್ಸ್ ಬಂದದ್ದುಂಟು.

ನಮ್ಮ ತಾಲ್ಲೂಕಿನವರು ಇನ್ನೊಂದು ವಿಷಯದಲ್ಲಿ ಜಾಗರೂಕರಾಗಿರಬೇಕು. ಹಿತ್ತಲಿನ ಬೇಲಿಯಾಚೆಗೇ ಹಲವೆಡೆ ಹಿಪ್ಪುನೇರಳೆಯ ತೋಟವಿರುತ್ತದೆ. ಹೊಗೆಸೊಪ್ಪಿನ ಕಷಾಯದ ಹನಿ ಆ ಸೊಪ್ಪಿಗೆ ಬಿದ್ದರೆ ರೇಷ್ಮೆಹುಳು ಉಳಿಯದು; ಬೇವಿನ ಸಿಂಪಡಣೆಯೂ ಹುಳುವಿಗೆ ಆಗದು. ಹೊಗೆಸೊಪ್ಪಿನ ಕಷಾಯ ಮನುಷ್ಯರ ಚರ್ಮದ ಮೂಲಕವೂ ಒಳಗಿಳಿಯುವ ವಿಷವಾದ್ದರಿಂದ ಅದನ್ನು ಹಿತ್ತಲಿನಿಂದ ದೂರವಿಡುವುದೇ ಲೇಸು. ಬೇವನ್ನು ಗಾಳಿಯಿಲ್ಲದ ಹೊತ್ತಿನಲ್ಲಿ, ನೆರೆಯವರಿಗೆ ತಿಳಿಸಿಯೇ ಸಿಂಪಡಿಸಬೇಕು. ನಮ್ಮ ಸೊಪ್ಪು ಉಳಿಸಲು ಹೋಗಿ ಪಕ್ಕದ ಮನೆಯವರ ಬೆಳೆ ಕೆಡಿಸಬಾರದು.

ಅಂಗಳದ ಗಿಡ, ಮನೆಯೊಳಗಿನ ಗಿಡ

ತಾರಸಿಯ ಮೇಲೆ ಕುಂಡವಿಟ್ಟವರು ಈಗ ಅವುಗಳ ಕೆಳಗೆ ಎರಡೆರಡು ಇಟ್ಟಿಗೆ ಇಡಬೇಕು. ಸಿಮೆಂಟಿನ ಕಾವು ನೇರವಾಗಿ ಕುಂಡಕ್ಕೆ ತಾಗಿದರೆ ಬೇರು ಬೇಯುತ್ತದೆ. ಮಧ್ಯಾಹ್ನದ ಬಿಸಿಲು ತಾಗದ ಪೂರ್ವದ ಕಡೆಗೆ ಅವುಗಳನ್ನು ಸರಿಸಬೇಕು. ಕುಂಡದ ಅಡಿಯ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ಉಜ್ಜಿ ಒಣಗಿಸಬೇಕು. ಡೆಂಗಿ ಹರಡುವ ಸೊಳ್ಳೆ ಅಂತಹ ತಿಳಿ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಅದು ಸೊಳ್ಳೆಯಾಗಿ ಹಾರಲು ಒಂದು ವಾರದಿಂದ ಹತ್ತು ದಿನ ಸಾಕು. ಮನಿ ಪ್ಲಾಂಟ್ ಇಟ್ಟ ಬಾಟಲಿಯ ನೀರಿಗೂ ಇದೇ ನಿಯಮ.

ಮನೆಯೊಳಗೆ ಗಿಡವಿಟ್ಟರೆ ಗಾಳಿ ಶುದ್ಧವಾಗುತ್ತದೆ ಎಂಬ ಮಾತು ಈಚೆಗೆ ಹರಡಿದೆ. ಆ ಮಾತಿನ ಮೂಲ 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ಮುಚ್ಚಿದ ಪೆಟ್ಟಿಗೆಯೊಳಗೆ ನಡೆಸಿದ ಪ್ರಯೋಗ. ಗಾಳಿಯಾಡುವ ಮನೆಯಲ್ಲಿ ಒಂದೆರಡು ಕುಂಡಗಳಿಂದ ಆ ಫಲ ದೊರೆಯದು. ಗಿಡ ಮನಸ್ಸಿಗೆ ತಂಪು. ಒಲೆಯ ಹೊಗೆಗೆ ಕಿಟಕಿಯೇ ಪರಿಹಾರ.

ಎಳೆಯ ಮಕ್ಕಳಿರುವ ಮನೆಯವರು ಇನ್ನೊಂದನ್ನು ಅರಿಯಬೇಕು. ಶಿವಪೂಜೆಗೆ ಸಲ್ಲುವ ಕಣಗಿಲೆ, ಎಕ್ಕ, ಉಮ್ಮತ್ತಿ ಮೂರೂ ವಿಷದ ಗಿಡಗಳು. ಕಣಗಿಲೆಯ ಎಲೆ, ಬೀಜಗಳು ಹೃದಯದ ಬಡಿತವನ್ನೇ ಕೆಡಿಸುತ್ತವೆ; ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೆ ಅಪಾಯ; ಉಮ್ಮತ್ತಿಯ ಬೀಜ ಮತಿಭ್ರಮೆ ತರುತ್ತದೆ. ಅಂದಕ್ಕೆಂದು ಕೋಣೆಯಲ್ಲಿಡುವ ಚುಕ್ಕೆ ಎಲೆಯ ಡೈಫೆನ್‌ಬೇಕಿಯಾವನ್ನು ಮಗು ಕಚ್ಚಿದರೆ ನಾಲಿಗೆ, ಗಂಟಲು ಊದಿಕೊಳ್ಳುತ್ತದೆ. ಇವುಗಳನ್ನು ಕಿತ್ತೊಗೆಯಬೇಕೆಂದಲ್ಲ, ಮಗುವಿನ ಕೈಗೆಟುಕದಂತೆ ಬೆಳೆಸಿ, ಹೂ ಕೊಯ್ದ ಮೇಲೆ ಕೈ ತೊಳೆದು, ಕತ್ತರಿಸಿದ ಕೊಂಬೆ ದನದ ಬಾಯಿಗೆ ಸಿಗದಂತೆ ಹೂಳಬೇಕು.

ಹಿತ್ತಲಿನಿಂದ ತಟ್ಟೆಗೆ

ಚಳಿಗಾಲದಲ್ಲಿ ಸಂಚಯವಾದ ಕಫವು ವಸಂತದ ಬಿಸಿಲಿಗೆ ಕರಗಿ ಜಠರಾಗ್ನಿಯನ್ನು ಮಂದಗೊಳಿಸುತ್ತದೆ. ಆದ್ದರಿಂದ ಜಡವಾದ, ಅತಿ ಸಿಹಿಯಾದ ಆಹಾರವನ್ನೂ ಹಗಲು ನಿದ್ರೆಯನ್ನೂ ಬಿಡಬೇಕು ಎಂದು ವಾಗ್ಭಟನ ಅಷ್ಟಾಂಗಹೃದಯದ ಋತುಚರ್ಯೆಯ ಅಧ್ಯಾಯ ಹೇಳುತ್ತದೆ. ಯುಗಾದಿಯಂದು ನಾವು ಬೇವನ್ನು ಬಾಯಿಗಿಡುವ ಸಂಪ್ರದಾಯವೂ ಈ ಪಾಠಕ್ಕೆ ಒಪ್ಪುವಂತಿದೆ. ಹಗುರವಾದ ಸೊಪ್ಪಿನ ಊಟ ಈ ಋತುವಿಗೆ ತಕ್ಕದ್ದು.

ಇಂದಿನ ವೈದ್ಯಶಾಸ್ತ್ರವೂ ಸೊಪ್ಪಿನ ಕಡೆಗೇ ಬೆರಳು ತೋರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಎರಡು ಮನೆಗೆ ಒಬ್ಬ ತಾಯಿಯಂತೆ ಎಂದುಕೊಳ್ಳಬಹುದು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವವರು ಅವರೇ. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಸಾರಿನ ನೀರು ಉಳಿದಿರುತ್ತದೆ, ಸೊಪ್ಪು ಉಳಿದಿರುವುದಿಲ್ಲ. ವಯಸ್ಕ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದೆ. 100 ಗ್ರಾಂ ನುಗ್ಗೆಸೊಪ್ಪಿನಲ್ಲಾಗಲಿ ದಂಟಿನಲ್ಲಾಗಲಿ ಇರುವುದು ಸುಮಾರು ನಾಲ್ಕೂವರೆ ಮಿಲಿಗ್ರಾಂ. ಅಂದರೆ ಸೊಪ್ಪೊಂದರಿಂದಲೇ ರಕ್ತಹೀನತೆ ನೀಗದು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಬಾರದು. ಆದರೆ ನಿತ್ಯವೂ ಸೊಪ್ಪು ಉಂಡವರ ಹಾದಿ ಸುಗಮವಾಗುತ್ತದೆ.

ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಜೊತೆಗೆ ಹುಳಿ ಇರಬೇಕು. ಒಲೆಯಿಂದ ಇಳಿಸಿದ ಮೇಲೆ ಹಿಂಡಿದ ಅರ್ಧ ನಿಂಬೆ, ಅಥವಾ ನೆಲ್ಲಿಕಾಯಿಯ ಚೂರು ಆ ಕೆಲಸ ಮಾಡುತ್ತದೆ. ಊಟದ ಹಿಂದೆಯೇ ಕುಡಿಯುವ ಟೀ ಅದನ್ನು ಕೆಡಿಸುತ್ತದೆ. ಒಂದು ಗಂಟೆಯಾದರೂ ಬಿಡುವಿರಲಿ. ಬೇಯಿಸಿದ ನೀರಿಗೆ ಇಳಿದ ಸತ್ವವನ್ನು ಚೆಲ್ಲದೆ ಸಾರಿಗೇ ಬಳಸುವ ನಮ್ಮ ಬಸ್ಸಾರು, ಉಪ್ಸಾರುಗಳು ಈ ದೃಷ್ಟಿಯಿಂದ ಬಹು ಜಾಣ್ಮೆಯ ಅಡುಗೆಗಳು. ಸೊಪ್ಪನ್ನು ಹೆಚ್ಚುವ ಮೊದಲೇ, ಎರಡು ಮೂರು ಬಾರಿ ನೀರು ಬದಲಿಸಿ ತೊಳೆಯಬೇಕು. ಮೂತ್ರಕೋಶದಲ್ಲಿ ಕಲ್ಲು ಆದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಸೊಪ್ಪಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ನಿರ್ಧರಿಸಬೇಕು. ಚಕ್ರಮುನಿ ಸೊಪ್ಪಿನ ಹಸಿ ರಸವನ್ನು ಮೈ ಇಳಿಸಲೆಂದು ಕುಡಿದ ಹಲವರ ಶ್ವಾಸಕೋಶ 1990ರ ದಶಕದಲ್ಲಿ ತೈವಾನಿನಲ್ಲಿ ಕೆಟ್ಟುಹೋಯಿತು. ಒಳ್ಳೆಯದೂ ಮಿತಿಯಲ್ಲಿರಬೇಕು, ಬೇಯಿಸಿಯೇ ಉಣ್ಣಬೇಕು.

ನಾಲ್ಕು ವಾರಗಳ ಕ್ರಮ

ಮೊದಲ ವಾರ: ಬಚ್ಚಲು ನೀರಿಗೆ ಕಾಲುವೆ ಮತ್ತು ಜಲ್ಲಿ ಗುಂಡಿ, ಮೆಂತ್ಯ, ಕೊತ್ತಂಬರಿಯ ಕೊನೆಯ ಬಿತ್ತನೆ, ದಂಟಿನ ಮೊದಲ ಪಟ್ಟಿ.

ಎರಡನೆಯ ವಾರ: ಕಳಿತ ಗೊಬ್ಬರ; ಕುಂಡಗಳ ಮೇಲ್ಮಣ್ಣು ಬದಲಾವಣೆ; ಕರಿಬೇವು, ದಾಸವಾಳ ಕತ್ತರಿಸುವುದು; ದಂಟಿನ ಎರಡನೆಯ ಪಟ್ಟಿ.

ಮೂರನೆಯ ವಾರ: ಮಡಕೆ ಹೂಳಿ ಸೌತೆ, ಹೀರೆ, ಕುಂಬಳ, ಸಾಲಿನಲ್ಲಿ ಬೆಂಡೆ, ಎಲ್ಲ ಮಡಿಗಳಿಗೂ ಸೋಗೆಯ ಹೊದಿಕೆ.

ನಾಲ್ಕನೆಯ ವಾರ: ಎಲೆ ತಿರುವಿ ಹುಳ ನೋಡುವುದು, ಅಗತ್ಯವಿದ್ದರೆ ಬೇವು, ಕುಂಡಗಳನ್ನು ನೆರಳಿಗೆ ಸರಿಸುವುದು. ಯುಗಾದಿಯ ಹೊತ್ತಿಗೆ ಮೊದಲ ಪಟ್ಟಿಯ ದಂಟು ಅಡುಗೆಮನೆಗೆ ಬರುತ್ತದೆ.

ಮುಂದೆ ಭರಣಿ ಮಳೆ ಬೀಳುವವರೆಗೂ ಈ ವ್ಯವಸ್ಥೆ ಹಿತ್ತಲನ್ನು ಕಾಪಾಡುತ್ತದೆ.

ಶ್ರೀಮಠದ ದಾಸೋಹಕ್ಕೆ ಭಕ್ತರು ತಮ್ಮ ಹಿತ್ತಲಿನ ಸೊಪ್ಪು, ಕಾಯಿಗಳನ್ನು ತಂದು ಒಪ್ಪಿಸುವುದು ಹಿಂದಿನಿಂದ ನಡೆದುಬಂದ ವಾಡಿಕೆ. ಒಂದು ಕಟ್ಟು ದಂಟು ಅಲ್ಲಿ ನೂರಾರು ಜನರ ಸಾರಿನಲ್ಲಿ ಬೆರೆಯುತ್ತದೆ; ಉಣ್ಣುವವರು ಅದನ್ನು ಪ್ರಸಾದವೆಂದು ನಂಬಿ, ಏನನ್ನೂ ಕೇಳದೆ, ಕಣ್ಣಿಗೊತ್ತಿಕೊಂಡು ಉಣ್ಣುತ್ತಾರೆ. ಆ ನಂಬಿಕೆಗೆ ತಕ್ಕ ಸೊಪ್ಪನ್ನು ಬೆಳೆಯುವುದು ನಮ್ಮ ಕಾಯಕ. ನಮ್ಮ ಮನೆಯ ಮಗುವಿನ ತಟ್ಟೆಗೆ ಹಾಕಲು ಯಾವುದಕ್ಕೆ ಅಂಜುತ್ತೇವೆಯೋ ಅದನ್ನು ದಾಸೋಹದ ಬಾಗಿಲಿಗೂ ತರದಿರೋಣ. ಈ ಫಾಲ್ಗುಣದಲ್ಲಿ ಹಿತ್ತಲಿಗೆ ಪಂಪು ಹಿಡಿದು ಹೋಗುವ ಮೊದಲು ಒಮ್ಮೆ ನಿಂತು, ಕೈಯಲ್ಲಿರುವುದು ಔಷಧಿಯೋ ವಿಷವೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.